ಒಡ್ಡಿದ ಸೆರಗು

ಹೊಳೆಮಣ್ಣೂರಿನಲ್ಲಿ ಯಾರ ಮನೆಯ ಉಡಿ ತುಂಬುವ ಕಾರ್ಯವಾದರೂ ಮೊದಲ ಕರೆ ಸಕ್ರವ್ವನಿಗೇ. ಅವಳ ಕೈಗುಣ ಚಲೋ ಎಂದು ಊರಿಗೆ ಊರೇ ನಂಬಿತ್ತು. ಅವಳೂ ನಂಬಿದ್ದಳು, ಯಾಕೆ ಸುಳ್ಳು ಹೇಳಬೇಕು, ಸ್ವಲ್ಪ ಹೆಚ್ಚೇ ನಂಬಿದ್ದಳು. ಕೂಲಿ ಮಾಡುವ ಹೆಣ್ಣಿಗೆ ಅಷ್ಟು ಮರ್ಯಾದೆ ಸಿಗುವುದೇನು ಸಣ್ಣ ಮಾತೇ?

ಹಿಂದೆಲ್ಲ ಮಲಪ್ರಭೆ ಉಕ್ಕಿ ಬಿತ್ತಿದ್ದನ್ನು ಒಯ್ದರೆ, ಗಂಡ ನೀಲಪ್ಪನ ಜೊತೆ ಗಂಟುಮೂಟೆ ಕಟ್ಟಿ ಗೋವಾಕ್ಕೆ ದುಡಿಯಲು ಹೋಗುವುದೇ ಅವಳ ಬಾಳಾಗಿತ್ತು. ಡಾಕ್ಟರ್ ಕುಮುದಾ ಕಟ್ಟಿ ಎಂಬ ತಳಿವಿಜ್ಞಾನಿ ವರ್ಷಗಟ್ಟಲೆ ಜೋಳಕ್ಕೆ ಜೋಳ ಕೂಡಿಸಿ, ನೆರೆ ಇಳಿದ ಮೇಲೆ ತಡವಾಗಿ ಬಿತ್ತಿದರೂ ಬೇಗ ಕಾಳುಗಟ್ಟುವ ತಳಿ ತೆಗೆದರು. ಆಮೇಲೆ ನೆರೆ ಬಂದ ವರ್ಷವೂ ಊರಲ್ಲೇ ಕೂಲಿ ಸಿಕ್ಕಿತು, ಸಕ್ರವ್ವನ ಮಕ್ಕಳು ಇಲ್ಲಿಯ ಶಾಲೆಯಲ್ಲೇ ಓದಿದರು. ಡಾಕ್ಟರಿಗೆ ದಿಲ್ಲಿಯಲ್ಲಿ ದೊಡ್ಡ ಪ್ರಶಸ್ತಿ ಬಂತು, ಸಂಶೋಧನಾ ಕೇಂದ್ರವೊಂದಕ್ಕೆ ಅವರ ಹೆಸರಿಟ್ಟರು. ಊರೂ ಅವರನ್ನು ಸನ್ಮಾನಕ್ಕೆ ಕರೆದಾಗ ಸಕ್ರವ್ವ ಪಟ್ಟು ಹಿಡಿದಳು.

"ಶಾಲು, ಹಾರ ನೀವ ಹಾಕ್ರಿ. ಆ ತಾಯಿ ಉಡಿ ಮಾತ್ರ ನಾನ ತುಂಬಾಕಿ. ಅಕ್ಕಿ ಬ್ಯಾಡ, ಅವರ ಜ್ವಾಳನ ಹಾಕಾಕಿ."

ಅವರು ಬಂದರು. ಎಂಬತ್ತರ ಹತ್ತಿರದ ಸಣಕಲು ಜೀವ, ನೂಲಿನ ಸೀರೆ, ಬರೀ ಹಣೆ. ಹಾರ ತುರಾಯಿ, ಭಾಷಣ ಎಲ್ಲ ಮುಗಿದವು. ಮೊರದಲ್ಲಿ ಜೋಳ, ಕುಬಸದ ಕಣ, ತೆಂಗಿನಕಾಯಿ ಇಟ್ಟುಕೊಂಡು ಸಕ್ರವ್ವ ವೇದಿಕೆ ಹತ್ತಿದಳು. ಡಾಕ್ಟರೂ ಇದೇ ಸೀಮೆಯ ಹೆಣ್ಣುಮಗಳಲ್ಲವೇ, ಮೊರ ಕಂಡದ್ದೇ ಮುಖ ಅರಳಿಸಿ ಎದ್ದು ಸೆರಗು ಒಡ್ಡಿದರು.

ಹಿಂದಿನಿಂದ ನೆರೆಮನೆಯ ಸುಶೀಲವ್ವ ಸಕ್ರವ್ವನ ರಟ್ಟೆ ಹಿಡಿದು ಜಗ್ಗಿದಳು. "ಹಣಿ ನೋಡೀಯೇನ? ಗಂಡ ಸತ್ತಾಕಿ ಆಕಿ. ಆಕಿ ಉಡಿ ತುಂಬಿದರ ಮುಂದ ನಿನ್ನ ಯಾರ ಮನ್ಯಾಗ ಕರದಾರು?"

ಅಯ್ಯೋ, ಆ ಒಂದು ಗಳಿಗೆ ಗಟ್ಟಿಯಾಗಿ ನಿಂತಿದ್ದರೆ! ನಿಲ್ಲಲಿಲ್ಲ. ಪಕ್ಕಕ್ಕೆ ತಿರುಗಿ, ಡಾಕ್ಟರ ಜೊತೆ ಬಂದಿದ್ದ ಕೃಷಿ ಇಲಾಖೆಯ ಹುಡುಗಿ, ಹೊಸದಾಗಿ ಮದುವೆಯಾದ ಭಾಗ್ಯಾಳ ಉಡಿಗೆ ಜೋಳ ಸುರಿದುಬಿಟ್ಟಳು. ಭಾಗ್ಯಾ ಗಡಬಡಿಸಿ ಸೆರಗು ಹಿಡಿದಳು. ಡಾಕ್ಟರು ಒಡ್ಡಿದ ಸೆರಗನ್ನು ಹೆಗಲಿಗೆ ಏರಿಸಿಕೊಂಡು, ಎಲ್ಲರ ಜೊತೆ ತಾವೂ ಚಪ್ಪಾಳೆ ತಟ್ಟಿದರು.

ಊಟಕ್ಕೆ ಕೂತ ಸಕ್ರವ್ವ ರೊಟ್ಟಿ ಮುರಿದಳು. ಆ ರೊಟ್ಟಿಯೂ ಅವರದೇ ಜೋಳದ್ದು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತಟ್ಟೆ ಬಿಟ್ಟು ಎದ್ದು, ಮೊರದಲ್ಲಿ ಉಳಿದ ಜೋಳದೊಂದಿಗೆ ಶಾಲೆಯ ಹಿಂದೆ ಹೊರಟು ನಿಂತಿದ್ದ ಕಾರಿನತ್ತ ಓಡಿದಳು.

"ನಂದ ತಪ್ಪಾತ್ರಿ ತಾಯಿ. ಸೆರಗ ಒಡ್ರಿ, ಈಗ ತುಂಬ್ತೀನ್ರಿ."

ಡಾಕ್ಟರು ನಗುತ್ತ ಕಾರಿನಿಂದ ಇಳಿದರು, ಮತ್ತೆ ಸೆರಗು ಒಡ್ಡಿದರು. ಸಕ್ರವ್ವ ಬೊಗಸೆ ತುಂಬಿ ಎತ್ತಿದಳು. ಎತ್ತಿದವಳು, ಯಾರಾದರೂ ನೋಡುತ್ತಿದ್ದಾರೋ ಎಂದು ಒಮ್ಮೆ ಹಿಂದಕ್ಕೆ ಹೊರಳಿದಳು.

ಡಾಕ್ಟರು ಅದನ್ನು ಕಂಡರು. ಸೆರಗು ಕೆಳಗಿಳಿಯಿತು.

"ಬ್ಯಾಡ ತಂಗಿ," ಎಂದರು, ದನಿಯಲ್ಲಿ ಸಿಟ್ಟಿರಲಿಲ್ಲ. "ಕದ್ದು ಉಡಿ ತುಂಬಿಸ್ಕೊಳ್ಳುವಂಥಾ ತಪ್ಪ ನಾ ಏನ ಮಾಡೇನವಾ?"

ಕಾರು ಹೋದ ಮೇಲೂ ಸಕ್ರವ್ವನಿಗೆ ತಲೆ ಎತ್ತಲಾಗಲಿಲ್ಲ. ಅವಳು ಹೊರಳಿ ನೋಡಿದಾಗಲೂ ಹಿಂದೆ ಯಾರೂ ಇರಲಿಲ್ಲ.