ಅಳತೆಗೆ ಬೇಕಾದಷ್ಟೇ ಪ್ರಶ್ನೆ

ಹೊಕ್ಕಳ ಸುತ್ತ ನೋವು ಶುರುವಾದಾಗ ಕೈಯಲ್ಲಿ ಕತ್ತರಿ ಇತ್ತು. ಗಂಗಾವತಿಯ ನನ್ನ ಟೇಲರ್ ಅಂಗಡಿಯಲ್ಲಿ ಯಾರದೋ ಮದುವೆಯ ಬ್ಲೌಸ್ ಕತ್ತರಿಸುತ್ತಿದ್ದೆ. ಹುಳಿ ಮಜ್ಜಿಗೆಯ ಕಾಟ ಎಂದುಕೊಂಡು ಅಜವಾನ ಜಗಿದೆ. ಮರುದಿನ ನೋವು ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ಠಿಕಾಣಿ ಹೂಡಿತು. ವಾಂತಿ. ಜ್ವರ. ಮಷೀನು ತುಳಿಯಲು ಕಾಲೆತ್ತಿದರೆ ಜೀವ ಹೋದಂತಾಗುತ್ತಿತ್ತು.

ಆದರೂ ದವಾಖಾನೆಗೆ ಹೋಗಲಿಲ್ಲ.

ಸೂಜಿಯ ಭಯವಲ್ಲ, ಸೂಜಿಯಿಂದಲೇ ಹೊಟ್ಟೆ ಹೊರೆಯುವವಳು ನಾನು. ಭಯ ಪ್ರಶ್ನೆಗಳದು. ಹುಟ್ಟಿದಾಗ ಮನೆಯವರು ಗಂಡು ಎಂದುಕೊಂಡರು, ನಾನು ಹೆಣ್ಣು. ಹಿಂದೊಮ್ಮೆ ಕೆಮ್ಮೆಂದು ದವಾಖಾನೆಗೆ ಹೋದಾಗ ಚೀಟಿ ಬರೆಯುವವನು "ಮೊದಲಿನ ಹೆಸರೇನು?" ಎಂದ. ಇಂಜೆಕ್ಷನ್ ಕೊಡುವವಳು "ಕೂದಲಾ ನಿಮ್ಮವೇನ್ರಿ?" ಎಂದಳು. ಔಷಧಿ ಅಂಗಡಿಯವನು ಕೇಳಿದ್ದನ್ನು ಇಲ್ಲಿ ಬರೆಯಲಾರೆ. ಕೆಮ್ಮು ಎಷ್ಟು ದಿನದ್ದು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ನನ್ನ ಅಂಗಡಿಗೆ ಬಂದವರನ್ನು ನಾನು ಅಳತೆಗೆ ಬೇಕಾದಷ್ಟೇ ಕೇಳುತ್ತೇನೆ. ಮೈಗೆ ಸರಿಯಾಗಿ ಕೂರುವ ಹಳೆಯ ಬ್ಲೌಸ್ ಒಂದನ್ನು ಅಳತೆಗೆಂದು ತಂದರೆ ಅದೂ ಇಲ್ಲ. ಅದನ್ನೇ ಬಟ್ಟೆಯ ಮೇಲೆ ಹಾಸಿ ಗುರುತು ಹಾಕಿಕೊಳ್ಳುತ್ತೇನೆ. ಯಾರ ಮೈಯ ಸುದ್ದಿಯೂ ನನಗೆ ಬೇಡ. ಇಷ್ಟು ಮರ್ಯಾದೆ ನನಗೇಕೆ ಸಿಗುವುದಿಲ್ಲ ಎಂದು ಮೈಯೆಲ್ಲ ಉರಿಯುತ್ತದೆ.

ಮೂರನೆಯ ದಿನ ಪಕ್ಕದ ಬಳೆ ಅಂಗಡಿಯ ಹಸೀನಾಬಿ ಅರ್ಧ ಇಳಿಸಿದ್ದ ಶಟರ್ ಎತ್ತಿ ನೋಡಿ ಬೈದಳು. "ಹಿಂಗ ಬಿದ್ದು ಸಾಯಾಕಿ ಏನು? ಕೇಳವ್ರು ಕೇಳ್ಲಿ. ಏಳವ್ವಾ, ಆಟೋ ನಿಂತೈತಿ."

ಸ್ಕ್ಯಾನ್ ಮಾಡಿದರು.

ಅಪೆಂಡಿಕ್ಸ್ ಇನ್ನೇನು ಒಡೆಯುವುದರಲ್ಲಿತ್ತು.

ಸ್ಟ್ರೆಚರ್ ನೂಕುವವನು ನನ್ನತ್ತ ಬಗ್ಗಿ, "ಕೆಳಗ ಎಲ್ಲಾ ಆಪರೇಷನ್ ಆಗೇತೇನು?" ಎಂದು ಹಲ್ಲು ಕಿಸಿದ. ಆ ನೋವಿನಲ್ಲೂ ಎಲ್ಲಿಂದ ದನಿ ಬಂತೋ ಕಾಣೆ. "ಅದನ್ನ ತಗೊಂಡು ನಿನಗೇನ್ ಆಗಬೇಕಾಗೇತಿ? ಎಲ್ಲಿ ನೋವೈತಿ ಅಂತ ಕೇಳು. ಇಲ್ಲಾ, ಸುಮ್ನ ಗಾಡಿ ನೂಕು!" ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ನೂಕಿದ.

ಆಮೇಲೆ ಸರ್ಜನ್ ಮೇಡಂ ಬಂದರು. ಹಿಂದೆ ಯಾವ ಆಪರೇಷನ್ ಆಗಿದೆ, ಹಾರ್ಮೋನ್ ಗುಳಿಗೆ ಎಷ್ಟು ವರ್ಷದಿಂದ ಎಂದು ಅವರೂ ಕೇಳಿದರು. ನಾನು ಗೋಡೆಯ ಕಡೆ ಮುಖ ಮಾಡಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ಅನಸ್ತೇಸಿಯಾ ಕೊಡಾಕ ಇವೆರಡು ಗೊತ್ತಿರಬೇಕವ್ವಾ. ಉಳದದ್ದು ನನಗ ಬ್ಯಾಡ."

ಅತ್ತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಯಾವ ಪ್ರಶ್ನೆ ಬಂದರೂ ಬಾಗಿಲು ಹಾಕಿಕೊಳ್ಳುವುದೇ ರೂಢಿಯಾಗಿತ್ತು. ಜೀವ ಉಳಿಸುವ ಪ್ರಶ್ನೆಗೂ ಇನ್ನೊಂದು ಚಣದಲ್ಲಿ ಹಾಕಿಕೊಳ್ಳುತ್ತಿದ್ದೆ. 

ಆಪರೇಷನ್ ಆಗಿ ಮೂರನೆಯ ದಿನ, ನಮ್ಮೂರು ಅಳವಂಡಿಯಿಂದ ವೈನಿ ಬಂದಳು, ಅಣ್ಣನ ಹೆಂಡತಿ. ದವಾಖಾನೆಯಲ್ಲಿದ್ದವರನ್ನು ಮಾತು ಬಿಟ್ಟವರೂ ಬಂದು ಮಾತಾಡಿಸಬೇಕು, ಅದು ನಮ್ಮ ಕಡೆಯ ಪದ್ಧತಿ. ಮನೆಯವರು ನನ್ನನ್ನು ಹೊರಗೆ ಹಾಕಿ ಒಂಬತ್ತು ವರ್ಷ. ಬ್ರೆಡ್ಡು, ಎಳನೀರು ಇಟ್ಟು ನನ್ನ ಕಾಲ ಬಳಿ ಕೂತಳು. ಏನು ಕೇಳುತ್ತಾಳೋ ಎಂದು ಹೆದರಿ ನಾನು ಚಾದರ ಎಳೆದುಕೊಂಡೆ. ಕೇಳಿದ್ದು ಅವಳಲ್ಲ, ಪಕ್ಕದ ಬೆಡ್ಡಿನ ಮುದುಕಿ. "ಯವ್ವಾ, ಇವರು ಗಂಡೋ ಹೆಣ್ಣೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ಎಳನೀರಿಗೆ ಸ್ಟ್ರಾ ಹಾಕುತ್ತ ಹೇಳಿದಳು. "ನನಗ ನಾದಿನಿ ಆಗಬೇಕ್ರಿ."

ನಾದಿನಿ.

ನಮ್ಮ ಮನೆಯವರ ಬಾಯಲ್ಲಿ ಮೊದಲ ಸಲ.

ಹೊರಡುವಾಗ ಒಂದು ಪೊಟ್ಟಣವನ್ನು ದಿಂಬಿನ ಬಳಿ ಇಟ್ಟಳು. "ಹೊಲಿಯೂದೈತಿ. ಅಳತಿ ಬ್ಲೌಸು ಒಳಗೈತಿ. ಆರಾಮಾದ ಮ್ಯಾಲ ಹೊಲಿ, ಗಡಿಬಿಡಿ ಇಲ್ಲ."

ಈಗ ಹೊಟ್ಟೆಯ ಹೊಲಿಗೆ ಬಿಚ್ಚಿದ್ದಾರೆ. ಸದ್ಯ, ಬದುಕಿದ್ದೇನೆ. ಮೇಡಂ ಅವರನ್ನೂ ಹಸೀನಾಬಿಯ ಬೈಗುಳವನ್ನೂ ದಿನಾ ನೆನೆಯುತ್ತೇನೆ. ಜನ ಕೇಳುವುದನ್ನು ಬಿಟ್ಟಿಲ್ಲ, ಅಣ್ಣ ಇನ್ನೂ ಫೋನ್ ಮಾಡಿಲ್ಲ. ಆದರೆ ಜನರ ಪ್ರಶ್ನೆಗೆ ಹೆದರಿ ಇನ್ನು ನನ್ನ ನೋವನ್ನು ನಾನು ನುಂಗುವುದಿಲ್ಲ. ಖರೇ ಹೇಳುತ್ತೇನೆ, ಇನ್ನಿಲ್ಲ.

ನಿನ್ನೆ ಪೊಟ್ಟಣ ಬಿಚ್ಚಿ ವೈನಿಗೆ ಫೋನ್ ಮಾಡಿದೆ. ಕೇಳಿದ್ದು ಒಂದೇ. "ತೋಳು ಇಷ್ಟ ಇರ್ಲೋ, ಇನ್ನೊಂಚೂರು ಉದ್ದ ಮಾಡ್ಲೋ?"

"ಅಷ್ಟ ಇರ್ಲಿ," ಎಂದಳು. "ಮತ್ತ, ಯಾರ ಕೈಯಾಗೂ ಕಳಸಬ್ಯಾಡ. ನೀನ ಮನಿಗೆ ತಗೊಂಡು ಬಾ."

ಗುಂಡಿ ಹಚ್ಚುವುದೊಂದು ಬಾಕಿ ಇದೆ. ನಾಳೆ ಅಳವಂಡಿಯ ಬಸ್ಸು ಹತ್ತುತ್ತೇನೆ.