ಒಂಟಿ ಸೀನು

ಕಳೆದ ತಿಂಗಳು ಅರಕಲಗೂಡಿನಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಮುದುಕರೊಬ್ಬರು ಸೊಂಟದಿಂದ ಪುಟ್ಟ ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ನಗು ಉಕ್ಕಿ ಬಂತು. ಮುದುಕರು ಗಾಬರಿಯಾಗಿ, "ಯಾಕವ್ವಾ, ಗಾಟಾಯ್ತಾ?" ಎಂದರು. "ಇಲ್ಲ ತಾತ" ಎಂದೆ. ಯಾರನ್ನಾದರೂ ತಾತ ಎಂದು ಕರೆದು ಅದೆಷ್ಟು ವರ್ಷವಾಗಿತ್ತೋ. ನಗು ನಿಲ್ಲುವ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿತ್ತು. ಅವರು ಅದು ನಶ್ಯದ್ದೇ ಕೆಲಸ ಎಂದುಕೊಂಡು ಡಬ್ಬಿ ಮುಚ್ಚಿ ಒಳಗಿಟ್ಟರು. ನಾನೂ ಅಲ್ಲವೆನ್ನಲಿಲ್ಲ.

ನನಗಾಗ ಒಂಬತ್ತು ವರ್ಷ, ತಂಗಿ ಸುಧಾಗೆ ಆರು. ಅಪ್ಪ ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದರು. ಎರಡು ಕೋಣೆಯ ಬಾಡಿಗೆ ಮನೆ, ಹಿಂದೆ ಒಂದು ಸಣ್ಣ ಹಿತ್ತಲು. ಆ ಬೇಸಿಗೆಯಲ್ಲಿ ಅಮ್ಮನಿಗೆ ಹುಟ್ಟಿದ ಗಂಡು ಮಗು ಉಸಿರಾಡಲಿಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಅಮ್ಮ ಮನೆಕೆಲಸವನ್ನೆಲ್ಲ ಮಾಡುತ್ತಿದ್ದಳು. ಆದರೆ ನಗುತ್ತಿರಲಿಲ್ಲ, ನಮ್ಮನ್ನು ಬೈಯುತ್ತಲೂ ಇರಲಿಲ್ಲ. ಬೈಸಿಕೊಳ್ಳುವ ಆಸೆಗೆ ನಾವು ಬೇಕೆಂದೇ ಲೋಟ ಬೀಳಿಸಿದರೂ ಸುಮ್ಮನೆ ಎತ್ತಿಟ್ಟು ಒಳಗೆ ಹೋಗುತ್ತಿದ್ದಳು. ಅಂಥ ಹೊತ್ತಿನಲ್ಲಿ ದಂಡಿಗನಹಳ್ಳಿಯಿಂದ ಅಮ್ಮನ ಅಪ್ಪ ಅವ್ವ, ಅಂದರೆ ನಮ್ಮ ತಾತ ಅಜ್ಜಿ, ರಾಗಿಹಿಟ್ಟಿನ ಚೀಲ ಹೊತ್ತು ಬಂದಿಳಿದರು. ಅಜ್ಜಿ ಮಗಳ ಮುಖ ನೋಡಿದಳು. ಕಾಲು ತೊಳೆದುಕೊಳ್ಳುತ್ತಲೇ ಅಪ್ಪನಿಗೆ ಹೇಳಿದಳು: "ನನ್ ಮಗಳು ನಗೋಗಂಟ ನಾನು ಈ ಮನೆ ಬುಟ್ಟು ಅಲ್ಲಾಡಾಕಿಲ್ಲ ಕಣಪ್ಪ." ಅವಳನ್ನು ಬಿಟ್ಟು ಸಂಜೆ ಬಸ್ಸಿಗೇ ವಾಪಸಾಗಬೇಕಿದ್ದ ತಾತನೂ ಉಳಿದುಬಿಟ್ಟ.

ಮಾರನೇ ದಿನದಿಂದಲೇ ಅಜ್ಜಿ ಅಮ್ಮನಿಗೆ ಬಾಣಂತನ ಶುರುಮಾಡಿದಳು. ಎಣ್ಣೆ ತೀಡಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯುವುದು, ಸಾಂಬ್ರಾಣಿ ಹೊಗೆ ಹಾಕುವುದು, ಕಿವಿಗೆ ಬಟ್ಟೆ ಬಿಗಿಯುವುದು, ಮೆಣಸು ಬೆಳ್ಳುಳ್ಳಿಯ ಸಾರು, ತುಪ್ಪದ ಅನ್ನ. ಎಲ್ಲವೂ ಇತ್ತು, ತೊಟ್ಟಿಲೊಂದು ಇರಲಿಲ್ಲ. ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, ಮಗುವೇ ಇಲ್ಲದ ಮೇಲೆ ಇದೆಲ್ಲ ಯಾಕೆ ಎಂದು ಮೆಲ್ಲಗೆ ಕೇಳಿದರು. "ಮಗ ಉಳೀಲಿಲ್ಲ ಅಂದ್ರೆ ಎತ್ತವಳು ಬಾಣಂತಿ ಅಲ್ವೇನವ್ವ?" ಎಂದಳು ಅಜ್ಜಿ. ಅವರು ಸಂಜೆ ಒಂದು ಬಟ್ಟಲು ತುಪ್ಪ ಕಳಿಸಿಕೊಟ್ಟರು.

ನಮಗಂತೂ ಅದು ಹಬ್ಬದ ಕಾಲ. ನಿಂತು ಅಡುಗೆ ಮಾಡುವುದು ಅಜ್ಜಿಗೆ ಒಗ್ಗಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಎಲ್ಲಿಂದಲೋ ಮರದ ಶ್ಯಾವಿಗೆ ಒರಳನ್ನು ತರಿಸಿದಳು. ಬೆಂದ ಹಿಟ್ಟಿನ ಉಂಡೆಯನ್ನು ಅದರೊಳಗಿಟ್ಟು, ನಾನೂ ಸುಧಾಳೂ ಮೇಲಿನ ತೊಲೆಗೆ ಜೋತುಬಿದ್ದರೆ, ಕೆಳಗೆ ಬಿಸಿ ಶ್ಯಾವಿಗೆ ಎಳೆಎಳೆಯಾಗಿ ಇಳಿಯುತ್ತಿತ್ತು. ನಮ್ಮ ಭಾರ ಸಾಲದೆ ಹೋದಾಗ ತಾತ, "ಮೇಷ್ಟ್ರೇ, ಪಾಟ ಆಮ್ಯಾಕೆ ಮಾಡೀರಂತೆ, ವಸಿ ಬಂದು ಕುಂತ್ಕಳಿ" ಎಂದು ಅಪ್ಪನನ್ನೂ ಕರೆಯುತ್ತಿದ್ದ. ಪಂಚೆ ಮೇಲೆತ್ತಿ ಕಟ್ಟಿದ ಮೇಷ್ಟ್ರು ತೊಲೆಗೆ ನೇತಾಡುವುದನ್ನು ನೋಡಿ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಬೆಳಿಗ್ಗೆ ತಾತ ನಮ್ಮನ್ನು ಹೇಮಾವತಿಗೆ ಕರೆದೊಯ್ದು ಬೆನ್ನು ಉಜ್ಜಿ ಮೀಯಿಸುತ್ತಿದ್ದ. ಕಾಯಿಹಾಲಿನಲ್ಲಿ ಕಲಸಿದ ಶ್ಯಾವಿಗೆಯನ್ನು ಅಜ್ಜಿ ಎಲ್ಲರಿಗೂ ಬಡಿಸಿ, ಏನಾದರೊಂದು ತಮಾಷೆ ಆಡಿ, ಓರೆಗಣ್ಣಿನಲ್ಲಿ ಅಮ್ಮನನ್ನು ನೋಡುತ್ತಿದ್ದಳು. ಅಮ್ಮ ತಲೆತಗ್ಗಿಸಿ ಉಣ್ಣುತ್ತಿದ್ದಳು. ಹೀಗೆ ಒಂದೂವರೆ ತಿಂಗಳು ಕಳೆಯಿತು.

ಅಷ್ಟರಲ್ಲಿ ಮಳೆ ಬಿತ್ತು. ಹೊಲ ಹದವಾಗಿದೆ ಎಂದು ಊರಿನಿಂದ ಸುದ್ದಿ ಬಂದ ಮೇಲೆ ತಾತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಜ್ಜಿ ಇಲ್ಲೇ ಇರಲಿ, ತಾನೊಬ್ಬನೇ ಹೊರಡುತ್ತೇನೆ ಎಂದ. ನಮಗೆ ಅಷ್ಟೂ ಸಹಿಸಲಾಗಲಿಲ್ಲ. ತಾತನಿಗೆ ಶಕುನದ ಹುಚ್ಚು ಬಹಳ. ಹೊಸ್ತಿಲು ದಾಟುವಾಗ ಯಾರಾದರೂ ಒಂದೇ ಸಲ ಸೀನಿದರೆ ಬೆಲ್ಲ ತರಲಿಕ್ಕೂ ಹೋಗುತ್ತಿರಲಿಲ್ಲ. ಒಳಗೆ ಬಂದು ಕೂತು, ನೀರು ಕುಡಿದು, ದೇವರನ್ನು ನೆನೆದೇ ಎದ್ದಾನು. ಎರಡನೇ ಸೀನು ಬಂದರೆ ಮಾತ್ರ ದೋಷವಿಲ್ಲ. ಆ ದಿನ ಇದ್ದ ಒಂದೇ ಬಸ್ಸು ತಪ್ಪಿದರೆ ಮರುದಿನ ಮಂಗಳವಾರ, ತಾತ ಹೊರಡುವ ಮಾತೇ ಇಲ್ಲ. ತಾತನೂ ನಶ್ಯ ಏರಿಸುವವನೇ; ನಾನು ಅವನ ಡಬ್ಬಿಯಿಂದಲೇ ಅದನ್ನು ಕದ್ದು ಸುಧಾಳ ಕೈಗಿಟ್ಟು, "ಒಂದೇ ಸೀನು ಕಣೆ" ಎಂದು ಆಣೆ ಹಾಕಿಸಿಕೊಂಡೆ. ಆ ಪೆದ್ದಿ ಅಂಗೈಯಲ್ಲಿದ್ದುದನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಂಡಳು.

ಮೊದಲ ಸೀನಿಗೆ ತಾತ ಹೊಸ್ತಿಲ ಮೇಲೆತ್ತಿದ್ದ ಕಾಲನ್ನು ಹಿಂದಕ್ಕಿಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ನಾನು ಗೆದ್ದೆ ಎಂದುಕೊಂಡೆ. ಎರಡನೆಯದು ಬಂತು. "ಜೋಡಿ ಆಯ್ತು" ಎಂದು ಎದ್ದ. ಮೂರನೆಯದು ಬಂತು, ಕೂತ. ನಾಲ್ಕಕ್ಕೆ ಎದ್ದ, ಐದಕ್ಕೆ ಕೂತ. ಸುಧಾಳ ಮೂಗು ನಿಲ್ಲುವಂತಿರಲಿಲ್ಲ. ತಾತ ಬೆರಳು ಮಡಿಸುತ್ತಾ, ನಿಜವಾದ ಕಳವಳದಿಂದ, "ಈಗ ಒಂಟಿಯೋ ಜೋಡಿಯೋ, ಯಾರಾದ್ರೂ ಯೋಳ್ರಪ್ಪ" ಎಂದ. ಅವನಿಗೆ ಕುಡಿಯಲು ನೀರಿನ ಚೊಂಬು ಹಿಡಿದು ನಿಂತಿದ್ದ ಅಮ್ಮ ಮೊದಲು ತುಟಿ ಕಚ್ಚಿದಳು. ಆಮೇಲೆ ಚೊಂಬಿನ ನೀರೆಲ್ಲ ತುಳುಕುವ ಹಾಗೆ ನಕ್ಕಳು. ಗೋಡೆಗೊರಗಿ, ಜಾರಿ ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ಹಿಟ್ಟಿನ ಕೈಯಲ್ಲೇ ಹಿತ್ತಲಿನಿಂದ ಓಡಿಬಂದ ಅಜ್ಜಿ ಬಾಗಿಲಲ್ಲಿ ನಿಂತು ಮಗಳನ್ನು ತುಂಬ ಹೊತ್ತು ನೋಡಿದಳು. ನಂತರ ಕೈ ತೊಳೆದುಕೊಂಡು ಒಳಗೆ ಹೋಗಿ ತನ್ನ ಸೀರೆಗಳ ಚೀಲ ಹಿಡಿದು ಬಂದಳು.

"ವಸಿ ನಿಂತ್ಕಳಿ, ನಾನೂ ಬತ್ತೀನಿ."

"ನೀನ್ಯಾಕೆ?" ಎಂದ ತಾತ.

"ಇನ್ ನಂದೇನೈತೆ ಇಲ್ಲಿ. ನನ್ ಮಗಳು ನಕ್ಕಳಲ್ಲ."

ಮುಂದಿನ ಜೋಡಿ ಸೀನಿಗೇ ಇಬ್ಬರೂ ಹೊಸ್ತಿಲು ದಾಟಿದರು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ನಮ್ಮ ಕಥೆ. ಒಬ್ಬರನ್ನು ಉಳಿಸಿಕೊಳ್ಳಲು ಹೋಗಿ ಇಬ್ಬರನ್ನೂ ಕಳಿಸಿಕೊಟ್ಟೆವು. ಚನ್ನರಾಯಪಟ್ಟಣದ ಬಸ್ಸು ತಿರುಗಿ ಮರೆಯಾಗುವವರೆಗೂ ಸುಧಾ ಸೀನುತ್ತಲೇ ಅಳುತ್ತಿದ್ದಳು. ಆಮೇಲೂ ಅವರು ಬರುತ್ತಿದ್ದರು, ಬಂದರೆ ಒಂದು ರಾತ್ರಿ, ಹೆಚ್ಚೆಂದರೆ ಎರಡು. ಅಷ್ಟು ದಿನ ನಮ್ಮ ಜೊತೆ ಇದ್ದದ್ದು ಅದೊಂದೇ ಸಲ. ಮೊದಲು ಅಜ್ಜಿ ಹೋದಳು, ಎರಡು ವರ್ಷಕ್ಕೆ ತಾತ. ಹೊಳೆನರಸೀಪುರದ ಆ ಮನೆಯನ್ನು ಕೆಡವಿ ಅಂಗಡಿಸಾಲು ಕಟ್ಟಿದ್ದಾರೆ. ಹಿತ್ತಲು ಯಾವ ಕಡೆಗಿತ್ತು ಎಂಬುದೂ ಈಗ ಗೊತ್ತಾಗುವುದಿಲ್ಲ.

ಅಮ್ಮ ಈಗ ಹಾಸನದಲ್ಲಿ ನನ್ನ ಜೊತೆಗಿದ್ದಾಳೆ. ಆ ದಿನ ಬಸ್ಸಿಳಿದು ಬಂದವಳೇ, ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅವಳ ಪಕ್ಕ ಕೂತು ಇದನ್ನೆಲ್ಲ ನೆನಪಿಸಿದೆ. ತಾತ ಕೂತದ್ದು, ಎದ್ದದ್ದನ್ನು ಮಾಡಿಯೂ ತೋರಿಸಿದೆ. ಅವಳು ನಗಬಹುದು ಎಂದುಕೊಂಡಿದ್ದೆ. ಕೈಯಲ್ಲಿದ್ದ ಕಾಯನ್ನು ಬಿಡಿಸದೆ ಹಾಗೇ ಹಿಡಿದುಕೊಂಡು ಅಮ್ಮ ಹೇಳಿದಳು:

"ಅವತ್ತು ನಾನು ನಗು ತಡ್ಕಬೇಕಿತ್ತು ಕಣೆ. ತಡ್ಕಂಡಿದ್ರೆ ಅವ್ವ ಇನ್ನೊಂದ್ ನಾಕ್ ದಿನ ಇರ್ತಿತ್ತು."