ಗೋಡೆಗೂ ಅರಿಶಿನ ಹಚ್ಚಿದ ಫಿಲ್ಟರ್

ಗೆಳೆಯರೇ, ಲೆನ್ಸ್ ಫಿಲ್ಟರನ್ನು ಮನೆಯಲ್ಲೇ ಮಾಡಿಕೊಳ್ಳಿ ಎಂದು ನಿನ್ನೆ ಇಲ್ಲಿ ಉಪದೇಶ ಮಾಡಿದವನು ನಾನೇ. ಇಂದು ಹಳದಿ ಜಿಲೇಟಿನ್ ಪೇಪರನ್ನು ರಬ್ಬರ್ ಬ್ಯಾಂಡಿನಿಂದ ಲೆನ್ಸಿಗೆ ಬಿಗಿದು, ಬೆಸಗರಹಳ್ಳಿಯಲ್ಲಿ ಅತ್ತೆ ಮಗಳ ಅರಿಶಿನ ಶಾಸ್ತ್ರದ ಫೋಟೊ ತೆಗೆದೆ. ಚಿನ್ನದಂಥ ಬೆಳಕು ಬಂದಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಶಾಸ್ತ್ರವೆಲ್ಲ ಮುಗಿದ ಮೇಲೆ ಅತ್ತೆ ಕ್ಯಾಮೆರಾ ಇಸಿದುಕೊಂಡು ನೋಡಿದರು.

"ನಿಮ್ಮಾವಂಗೂ ಅರಿಸ್ನ, ಗ್ವಾಡೆಗೂ ಅರಿಸ್ನ. ಇದ್ರಲ್ಲಿ ಮದ್ವೆ ಹೆಣ್ಣು ಯಾರ್ಲಾ?"

ನಾನೂ ಹುಡುಕಿದೆ. ಬಿಳಿ ಸೀರೆ, ಚಾಪೆ, ಹಚ್ಚಿದವರು, ಹಚ್ಚಿಸಿಕೊಂಡವಳು, ಎಲ್ಲವೂ ಒಂದೇ ಬಣ್ಣ.

"ಫಿಲ್ಟರು ಅತ್ತೆ, ನಾನೇ ಮಾಡಿದ್ದು" ಎಂದೆ.

"ಗೊತ್ತಾಯ್ತದೆ ಬುಡು."

ಬಟ್ಟಲಲ್ಲಿ ಉಳಿದಿದ್ದ ಅರಿಶಿನವನ್ನು ನನ್ನ ಎರಡೂ ಕೆನ್ನೆಗೆ ಬಳಿದು, ತಮ್ಮ ಮೊಬೈಲಿನಲ್ಲಿ ಒಂದು ಫೋಟೊ ಹೊಡೆದರು. ಇಡೀ ಶಾಸ್ತ್ರದಲ್ಲಿ ಅರಿಶಿನ ಹಚ್ಚಿಸಿಕೊಂಡವರು ಯಾರೆಂದು ಸ್ಪಷ್ಟವಾಗಿ ಗೊತ್ತಾಗುವುದು ಅದೊಂದರಲ್ಲೇ.